ಓತಿಕ್ಯಾತಕ್ಕೆ ಹಾಕಿದ ಹಸಿರು ಹುಳು

ಬ್ಯಾಡಗಿ,
12-12-2003

ಪ್ರಿಯಾಂಕಾಳ ಅಪ್ಪನವರಿಗೆ ಪ್ರೀತಿಯ ನಮಸ್ಕಾರಗಳು. (ಮದುವೆಯಾಗಿ ಇಷ್ಟು ವರ್ಷವಾದರೂ ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ, ನಗಬೇಡಿ.)

ನಿಮ್ಮ ಕೆಮ್ಮು ಹೇಗಿದೆ? ಧಾರವಾಡದ ಚಳಿಗೆ ಮಫ್ಲರ್ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ತರಬೇತಿಯವರ ಊಟ ಸಪ್ಪೆ ಎಂದಿದ್ದಿರಲ್ಲ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ರೊಟ್ಟಿ ಗಂಟು ಕಳಿಸಿದ್ದೇನೆ. ಇಲ್ಲಿಗೆ ವರ್ಗವಾಗಿ ಬಂದ ಮೇಲೆ ನಿಮಗೂ ಹಸಿ ಮೆಂತ್ಯ ಸೊಪ್ಪಿನ ಹುಚ್ಚು ಹಿಡಿದಿದೆ. ನಮಗೆ ಒಂದೆಲೆಯೂ ಇಟ್ಟುಕೊಳ್ಳದೆ ಇದ್ದದ್ದೆಲ್ಲ ನಿಮಗೇ ಕಟ್ಟಿದೆ.

ಈಗ ನಿಮ್ಮ ಓತಿಕ್ಯಾತದ ಸುದ್ದಿ. ಬೈಯಬೇಡಿ. ಕಾಲು ಮುರಿದುಕೊಂಡು ಬಿದ್ದಿದ್ದ ಅದನ್ನು ನೀವು ಎತ್ತಿ ತಂದಾಗ, ಮನೆಯಲ್ಲಿ ಅದಿರಬೇಕು ಇಲ್ಲ ನಾನಿರಬೇಕು ಎಂದವಳು ನಾನೇ. ಈಗ ಅದರ ಪೆಟ್ಟಿಗೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಹಿತ್ತಲಲ್ಲಿ ಮಿಡತೆ ಸಿಗಲಿಲ್ಲ. ನಿನ್ನೆ ಸಂಜೆ ಗೋಣೆಪ್ಪನ ಹೊಲಕ್ಕೆ ಸೊಪ್ಪಿಗೆ ಹೋದಾಗ ಅಲ್ಲಿನ ಹುಳು ಹಿಡಿದು ತಂದೆ. ಹೊರಗಿನ ಹುಳು ಹಾಕುವಾಗ ಹುಷಾರು, ಕೂದಲಿದ್ದದ್ದು ಬೇಡ, ಎಕ್ಕದ ಗಿಡದ್ದು ಬೇಡ ಎಂದು ನೀವು ಹೇಳಿದ್ದು ನೆನಪಿತ್ತು. ಇವು ನುಣ್ಣಗಿನ ಹಸಿರು ಹುಳು, ಮೆಂತ್ಯದ ಮೇಲಿದ್ದವು. ಪಾಪ, ಹಿಡಿಯಲು ಹೋದರೆ ಕದಲಲೂ ಇಲ್ಲ. ಗೋಣೆಪ್ಪನ ಹೆಂಡತಿ ಸಿದ್ದವ್ವ, "ಇವತ್ತ ಬ್ಯಾಡ್ರಿ ಅಕ್ಕಾರ, ಮುಂಜಾನೆ ಎಣ್ಣಿ ಹೊಡದೇವಿ" ಅಂದಳು. ಎಣ್ಣೆ ತಾನೇ, ತೊಳೆದುಕೊಳ್ಳುತ್ತೇನೆ ಬಿಡು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

ಬೆಳಿಗ್ಗೆ ಹಾಕಿದೆ, ಗಬಗಬ ತಿಂದಿತು. ಈಗ ಬಾಯಿ ತೆರೆದುಕೊಂಡು ಬಿದ್ದಿದೆ, ಕಾಲು ನಡುಗುತ್ತಿವೆ, ಮೈ ಕಪ್ಪಾಗಿದೆ. ಎಂಥ ಹುಳು ಹಾಕಿಬಿಟ್ಟೆನೋ! ಪ್ರಿಯಾಂಕಾ ಶಾಲೆಯಿಂದ ಬರುವಷ್ಟರಲ್ಲಿ ಇದಕ್ಕೇನಾದರೂ ಆದರೆ ಮಗಳಿಗೆ ಯಾವ ಮುಖ ತೋರಿಸಲಿ? ನಿಜ ಹೇಳುತ್ತೇನೆ, ನನಗೂ ಅಳು ಬರುತ್ತಿದೆ. ನಿಮ್ಮ ಹಾಸ್ಟೆಲ್ಲಿನ ಫೋನು ಹತ್ತುತ್ತಲೇ ಇಲ್ಲ. ಸಲಾವುದ್ದೀನನ ಲಾರಿ ಮೆಣಸಿನಕಾಯಿ ಹೇರಿಕೊಂಡು ಧಾರವಾಡಕ್ಕೆ ಹೊರಟಿದೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಏನು ಮಾಡಬೇಕೆಂದು ಪಕ್ಕದ ಮನೆ ಗುತ್ತೆವ್ವನಿಗೆ ಫೋನ್ ಮಾಡಿ ಹೇಳಿ.

ಮೈ ಬೆಚ್ಚಗಿಟ್ಟುಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ಪುಷ್ಪಲತಾ

ತಾ.ಕ.: ಗುತ್ತೆವ್ವ ಈಗಷ್ಟೇ ಬಂದಳು. ಪೆಟ್ಟಿಗೆ ನೋಡಿ, ಸಿದ್ದವ್ವ ಅಂದದ್ದು ಕೇಳಿ ಹಣೆ ಬಡಿದುಕೊಂಡಳು. "ಎಣ್ಣಿ ಅಂದ್ರ ವಿಷಾ ಐತಿ ಯವ್ವಾ, ಹುಳ ಸಾಯಾಕ ಹೊಡಿಯೋದು!" ನಮ್ಮ ತುಮಕೂರಿನಲ್ಲಿ ಔಷಧಿ ಅನ್ನುವುದನ್ನೇ ಇಲ್ಲಿ ಎಣ್ಣೆ ಅನ್ನುತ್ತಾರಂತೆ. ಗಂಟಿನಲ್ಲಿರುವ ಮೆಂತ್ಯ ಅದೇ ಹೊಲದ್ದು. ನೀರಲ್ಲಿ ಒಂದು ಸಲ ಅದ್ದಿ ತೆಗೆದೆ, ಅಷ್ಟೇ. ರೊಟ್ಟಿಯೂ ಬೇಡ, ಗಂಟು ಬಿಚ್ಚಲೇ ಬೇಡಿ. ಸಲಾವುದ್ದೀನ ಹಾರ್ನ್ ಹೊಡೆಯುತ್ತಿದ್ದಾನೆ. ರೀ ಶಂಭುಲಿಂಗಾ, ತಿನ್ನಬೇಡಿ.