ನಡುಮನೆಯ ಏರೋಬಾರ್

ಫೆಬ್ರವರಿ ೯, ಸೋಮವಾರ. ಬೇಲೂರು.

‘ಬಾಗಿದವನಿಗೆ ಗಾಳಿ ದಾರಿ ಬಿಡುತ್ತದೆ.’ ಎಲ್ಲಿ ಓದಿದ ಸಾಲೋ, ಹೀಗೇ ಇತ್ತೋ ಇಲ್ಲವೋ. ಬಾಗಿದವಳಿಗೂ ಬಿಡುತ್ತದೆಯೇ?

ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯತ್ಲಾನ್ ಪಂದ್ಯ ಹತ್ತಿರ ಬಂತು. ಸೊಸೆ ಚಡ್ಡಿ ಹಾಕಿಕೊಂಡು ಗುಡಿಬೀದಿಗೆ ಇಳಿಯಕೂಡದೆಂದು ಅತ್ತೆ ಹೇಳಿದ್ದರಿಂದ ಸೈಕಲ್ಲನ್ನು ನಡುಮನೆಯಲ್ಲೇ ಸ್ಟ್ಯಾಂಡಿಗೆ ಬಿಗಿದು ತುಳಿಯುತ್ತೇನೆ. ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚಿದ, ಗಾಳಿ ತಡೆಯದಂತೆ ಬಾಗಿ ಮೊಣಕೈ ಊರುವ ಏರೋಬಾರ್ ತೀರ ದೂರವಾಗಿ ಕತ್ತು ಹಿಡಿಯುತ್ತಿತ್ತು. ಇಂದು ಸ್ಕ್ರೂ ಸಡಿಲಿಸಿ ಎರಡು ಬೆರಳಿನಷ್ಟು ಹಿಂದಕ್ಕೆ ತಂದೆ. ಮೊಣಕೈ ಮೆತ್ತೆಯ ಮೇಲೆ ಹಾಯಾಗಿ ಕೂತಿತು, ಭುಜವೂ ಇಳಿಯಿತು. ಆದರೂ ಉಸಿರು ಕಟ್ಟಿದ ಹಾಗೆಯೇ ಇತ್ತು. ಮುಖದೆದುರು ಮೊಳ ದೂರದಲ್ಲಿ ಗೋಡೆ. ಪಂದ್ಯದ ದಿನ ಹಳೇಬೀಡು ರಸ್ತೆಯ ಗಾಳಿಗೆ, ಗುಂಡಿಗಳಿಗೆ ಈ ಅಳತೆ ಒಗ್ಗುತ್ತದೆಯೇ ಎಂದು ಇಲ್ಲಿ ತಿಳಿಯುವುದು ಹೇಗೆ?

ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಸುವರ್ಣಮ್ಮ ಬಾಗಿಲಲ್ಲೇ ನಿಂತು, ಬೆವತ ನನ್ನನ್ನು ನೋಡಿದರು.

“ಮಧ್ಯಾಹ್ನದಿಂದ ಚಕ್ರದ ಸದ್ದು ಕೇಳ್ತಾನೇ ಐತೆ. ಎಲ್ಲೀಗಂಟ ಹೋಗಿದ್ದೆ ಕಣೇ?”