ಕೊನೆಯ ಡಬ್ಬಿಯ ಬಾಗಿಲು

ಆಲ್ಕಾಪುರಿ, ವಡೋದರಾ
೧೩ ಫೆಬ್ರವರಿ ೨೦೨೫, ಗುರುವಾರ

ರೀ,

ನಿಮ್ಮ ಇಂದುಮತಿ ಮಾಡುವ ನಮಸ್ಕಾರ. ಓದಿ ಹೇಳುತ್ತಿರುವ ಸೊಸೆಗೆ ಆಶೀರ್ವಾದ. ವಿಂಧ್ಯಾ, ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಅಂತ ನಿನಗೆ ಗೊತ್ತಿದೆ. ತಿಳಿಯದ ಕಡೆ ನಿಂತು ಇನ್ನೊಮ್ಮೆ ನೋಡು. ನೀನೇ ಏನಾದರೂ ಸೇರಿಸಿ ಓದಬೇಡಮ್ಮ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀವು ಹೆಬ್ಬೆರಳಿನಷ್ಟು ಆಗಿಬಿಟ್ಟಿದ್ದಿರಿ. ಬಿಳಿ ಪ್ಯಾಂಟು, ಬಿಳಿ ಶರ್ಟು, ಕೈಯಲ್ಲಿ ಬಾವುಟ, ಎಲ್ಲ ಸರಿಯಾಗಿಯೇ ಇತ್ತು. ಮುಂದೆ ಗೂಡ್ಸ್ ಗಾಡಿ ಹೊರಟಿದೆ, ನೀವು ಕೊನೆಯ ಡಬ್ಬಿಯ ಸುತ್ತ ಓಡುತ್ತಿದ್ದೀರಿ, ಹತ್ತುವುದಕ್ಕೆ ಬಾಗಿಲೇ ಇಲ್ಲ. ನಾನು ಕೂಗುತ್ತೇನೆ, ಗಾಡಿಯ ಸದ್ದಿನಲ್ಲಿ ನಿಮಗೆ ಕೇಳುವುದಿಲ್ಲ. ಎದ್ದು ದೇವರಿಗೆ ದೀಪ ಹಚ್ಚಿದೆ. ಜಾವದ ಕನಸು ನಿಜವಾಗುತ್ತದೆ ಅನ್ನುತ್ತಿದ್ದಳು ನನ್ನಜ್ಜಿ. ಅದೆಲ್ಲ ಸುಳ್ಳು ಅಂತ ಅಲ್ಲಿಂದಲೇ ಒಂದು ಮಾತು ಹೇಳಿಬಿಡಿ.

ಆಪರೇಷನ್ ಆದ ಕಣ್ಣು ಹೇಗಿದೆ? ಡಾಕ್ಟರು ಹೇಳಿದ ಹಾಗೆ ಮುಖ ಕೆಳಗೆ ಮಾಡಿಕೊಂಡೇ ಮಲಗುತ್ತಿದ್ದೀರಾ? ಒಳಗೆ ಬಿಟ್ಟಿರುವ ಗಾಳಿಯ ಗುಳ್ಳೆ ಕಣ್ಣಿನ ಹಿಂದಿನ ಪರದೆಯನ್ನು ಒತ್ತಿ ಹಿಡಿಯಬೇಕಂತೆ, ತಲೆ ಎತ್ತಿದರೆ ಅದು ಜಾರುತ್ತದಂತೆ. ಮಹೇಶ ಹೇಳಿದ್ದನ್ನು ನಾನು ದಿನವೂ ನೆನೆಸಿಕೊಂಡು ಹೆದರುತ್ತೇನೆ. ಊಟಕ್ಕೆ ಕೂತಾಗಲೂ ತಟ್ಟೆಯನ್ನೇ ನೋಡಿ. ಅಹಮದಾಬಾದಿನ ಆ ಬೋಪಾಲ್ ಬಡಾವಣೆಯಲ್ಲಿ ಮಗನ ಮನೆ ಹನ್ನೊಂದನೇ ಮಹಡಿ, ಕಿಟಕಿಯಿಂದ ಗಾಳಿ ಬಂದರೆ ಕಣ್ಣಿಗೆ ಧೂಳು ಬೀಳುತ್ತದೇನೋ ಅಂತ ಬೇರೆ ಯೋಚನೆ. ವಿಂಧ್ಯಾ, ಆ ಕಿಟಕಿ ಹಾಕಿಯೇ ಇರಲಿ. ನಾನು ಚೆನ್ನಾಗಿದ್ದೇನೆ. ಸಂಕ್ರಾಂತಿಯ ಗಾಳಿಪಟದ ದಾರ ಇನ್ನೂ ನಮ್ಮ ಬಾಲ್ಕನಿಯ ತಂತಿಗೆ ಸುತ್ತಿಕೊಂಡಿದೆ, ಅದರಲ್ಲಿ ಒಂದು ಪಾರಿವಾಳ ಸಿಕ್ಕಿಹಾಕಿಕೊಂಡಿತ್ತು. ಪಕ್ಕದ ಮನೆ ಸಾವಿತ್ರಿ ಬಂದು ಕತ್ತರಿಯಿಂದ ಬಿಡಿಸಿದಳು.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಅನ್ನುತ್ತೀರಿ. ಫೋನು ಮಾಡಿದರೆ ಮಹೇಶ ಸ್ಪೀಕರ್ ಹಾಕುತ್ತಾನೆ. ಹಾಕಿ, "ಅಮ್ಮಾ, ರೈಲಿನ ಸುದ್ದಿ ಮಾತ್ರ ತೆಗೀಬೇಡ, ಅಪ್ಪ ಆವೇಶದಲ್ಲಿ ತಲೆ ಎತ್ತಿಬಿಡ್ತಾರೆ" ಅನ್ನುತ್ತಾನೆ. ಅವನದೂ ಸರಿ. ಆದರೆ ಇಲ್ಲಿ ಆಗುತ್ತಿರುವುದು ಬರೀ ರೈಲಿನ ಸುದ್ದಿಯೇ. ಹೇಳಿದರೆ ನಿಮ್ಮ ಕಣ್ಣಿಗೆ ಕೇಡು, ಹೇಳದಿದ್ದರೆ ನಿಮ್ಮ ಹೆಸರಿಗೆ ಕೇಡು. ಮನೆಯ ಒಳಗೂ ಹೊರಗೂ ಓಡಾಡಿ ಕಾಲು ಸೋತಿತು. ಅದಕ್ಕೇ ಬರೆಯುತ್ತಿದ್ದೇನೆ. ಈ ಸಾಲು ಕೇಳುವಾಗಲೂ ತಲೆ ದಿಂಬಿನ ಮೇಲೆಯೇ ಇರಲಿ.

ಹೋಗುವಾಗ ನಿಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, "ಚಾರ್ಜ್ ಹಾಕು, ಗ್ರೂಪ್ ಮಾತ್ರ ತೆರೆಯಬೇಡ" ಅಂದಿದ್ದಿರಿ. ತೆರೆಯಬಾರದು ಅಂತಲೇ ಇದ್ದೆ. ಆದರೆ ಭಾನುವಾರ ಅದು ಒಗ್ಗರಣೆಯ ಸಾಸಿವೆಯ ಹಾಗೆ ಒಂದೇ ಸಮ ಸಿಡಿಯತೊಡಗಿತು. ಯಾರಿಗೆ ಏನಾಯಿತೋ ಅಂತ ಹೆದರಿ ತೆರೆದೆ. ನೋಡಿದರೆ, ನಿಮ್ಮ ಆಟದ ರೈಲಿನವರ ಗ್ರೂಪಿನಲ್ಲಿ ಸೂರತ್ತಿನ ಹೃಷಿಕೇಶ ಹೊಸ ಮಾಡೆಲುಗಳನ್ನು ಘೋಷಿಸಿದ್ದಾನೆ. ಪಾಂಡೇಸರಾದ ಬಟ್ಟೆ ಮಿಲ್ಲಿನಲ್ಲಿ ದಿನವೆಲ್ಲ ದುಡಿದು ಸಂಜೆ ಮನೆಯಲ್ಲಿ ರೈಲು ಕೊರೆಯುತ್ತಾನಲ್ಲ, ಅವನೇ. ಆಟದ ರೈಲು ಅಂದದ್ದಕ್ಕೆ ಕೋಪ ಬೇಡ. ಮಾಡೆಲ್ ರೈಲು, ಮಾಡೆಲ್ ರೈಲು.

ಮೊದಲನೆಯದು ಗಾರ್ಡಿನ ಬ್ರೇಕ್ ವ್ಯಾನ್, ನೀವು ಇಡೀ ಸರ್ವಿಸು ಕೂತುಬಂದ ಹಳೆಯ ನಾಲ್ಕು ಚಕ್ರದ ಕೊನೆಯ ಡಬ್ಬಿ. ಅತಿ ಚಿಕ್ಕ ಅಳತೆಯದು, ನನ್ನ ಕಿರುಬೆರಳಿನಷ್ಟೇ ಉದ್ದ. ಜೊತೆಗೆ ಪಕ್ಕದ ರಸ್ತೆಯಲ್ಲಿ ನಿಲ್ಲಿಸುವುದಕ್ಕೆ ಒಂದು ಹಾಲಿನ ಟ್ಯಾಂಕರು, ಒಂದು ಒಂಟೆಗಾಡಿ, ಮೋಟರ್ ಸೈಕಲ್ ಮೂತಿಯ ಒಂದು ಛಕಡೋ ರಿಕ್ಷಾ. ಸ್ಟೇಷನ್ ಬೋರ್ಡು ನೋಡಿ ಕಲಿತ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಮಜಾ ಪಡೀ ಗಯೀ", ಮಜಾ ಬಂತು ಅಂತ ಒಬ್ಬ. ಎಂಜಿನ್ನು ಎಲ್ಲರೂ ಮಾಡುತ್ತಾರೆ, ಕೊನೆಯ ಡಬ್ಬಿ ಮಾಡುವುದಕ್ಕೆ ಇಷ್ಟು ವರ್ಷ ಯಾರಿಗೂ ಮನಸ್ಸು ಬರಲಿಲ್ಲವಲ್ಲ ಅಂತ ಇನ್ನೊಬ್ಬ. ಆನಂದ್ ಊರಿನ ಹಲ್ಲಿನ ಡಾಕ್ಟರು, ಬಣ್ಣ ಚಾಕೊಲೇಟಿನ ಹಾಗಿದೆ, ತುಕ್ಕಿನ ಹಾಗಿರಬೇಕಿತ್ತು ಅಂತ. ಛಕಡೋದಲ್ಲಿ ಡ್ರೈವರ್ ಒಬ್ಬನೇ ಕೂತಿದ್ದಾನೆ, ನೇತಾಡುವ ಜನ ಎಲ್ಲಿ, ಇದು ಗುಜರಾತೇ ಅಲ್ಲ ಅಂತ ಮತ್ತೊಬ್ಬ. ನನಗೂ ನಗು ಬಂತು. ನೀವು ಇದ್ದಿದ್ದರೆ ಸಂಜೆಯವರೆಗೆ ಕಾಫಿ ಕೇಳುತ್ತಲೇ ಇರುತ್ತಿದ್ದಿರಿ ಅಂದುಕೊಂಡೆ.

ಚಿತ್ರದ ಕೆಳಗೆ, "ಗಾರ್ಡ್ ಗುಂಡಪ್ಪನವರು ನೋಡಿ ಒಪ್ಪಿದ ನಕ್ಷೆ" ಅಂತ ಬರೆದಿದ್ದಾನೆ. ಪೆಟ್ಟಿಗೆಯ ಮೇಲೂ ಅದನ್ನೇ ಅಚ್ಚು ಹಾಕಿಸುತ್ತಾನಂತೆ. ನಿಮ್ಮ ಹೆಸರು ಓದಿ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಈಗ ಗೂಡ್ಸ್ ಗಾಡಿಗಳ ಬಾಲಕ್ಕೆ ಬ್ರೇಕ್ ವ್ಯಾನಿನ ಬದಲು ಪೆಟ್ಟಿಗೆಯಂಥ ಯಂತ್ರ ಕಟ್ಟುತ್ತಾರೆ ಅಂತ ನೀವು ಎರಡು ದಿನ ಊಟ ಬಿಟ್ಟು ಕೂತಿದ್ದು ನನಗೆ ಮರೆತಿಲ್ಲ. ನಿಜವಾದದ್ದು ಹೋದರೂ ಇದೊಂದು ಉಳಿಯುತ್ತದಲ್ಲ ಅನ್ನಿಸಿತು.

ಆಮೇಲೆ ಪ್ರಶಾಂತ್ ಬಂದ. ಅದೇ ಶಿವಮೊಗ್ಗದಿಂದ ವರ್ಗವಾಗಿ ಬಂದ ಬ್ಯಾಂಕಿನವನು, ನಮ್ಮ ಮನೆಯಲ್ಲಿ ಕೂತು ಅವರೆಕಾಳು ಉಪ್ಪಿಟ್ಟು ತಿಂದ ಬಾಯಿ. ಡಬ್ಬಿಯ ತುದಿಯ ವರಾಂಡದಿಂದ ಗಾರ್ಡಿನ ಕ್ಯಾಬಿನ್ನಿಗೆ ಹೋಗುವ ಬಾಗಿಲು ತಪ್ಪು ಕಡೆ ಇದೆಯಂತೆ. ಎದುರು ನಿಂತು ನೋಡಿದರೆ ಬಲಕ್ಕಿರಬೇಕು, ಇವನು ಎಡಕ್ಕಿಟ್ಟಿದ್ದಾನಂತೆ. ಅಷ್ಟು ಹೇಳಿ ಸುಮ್ಮನಿದ್ದನೇ? "ನಮ್ಮ ಗಾರ್ಡ್ ಸಾಹೇಬರು ಕಿಟಕಿಯಿಂದ ಹತ್ತುತ್ತಿದ್ದರೋ ಏನೋ" ಅಂತ ಬೇರೆ ಸೇರಿಸಿದ್ದಾನೆ. ಅದರ ಕೆಳಗೆ ಹಲ್ಲು ಕಿಸಿಯುವ ಹಳದಿ ಮುಖಗಳ ಸಾಲು. ಒಂದು ಹಳೆಯ ಫೋಟೋ ಹಾಕಿದ್ದಾನೆ, ಅದರಲ್ಲಿ ಬಾಗಿಲು ಬಲಕ್ಕೇ ಇದೆ. ಅದು ನಿಮ್ಮ ಡಬ್ಬಿಯ ಜಾತಿಯದೋ, ಬೇರೆ ಕಾರ್ಖಾನೆಯದೋ, ನನಗೆ ಹೇಗೆ ಗೊತ್ತಾಗಬೇಕು. ಫೋನನ್ನು ತಲೆಕೆಳಗು ಮಾಡಿ ನೋಡಿದೆ, ಬಾಗಿಲು ಎಡಕ್ಕೆ ಬಂತು. ಹಾಗೆ ನೋಡಬಾರದು ಅಂತ ಆಮೇಲೆ ತಿಳಿಯಿತು.

ನನ್ನ ನೆನಪಿನಲ್ಲಿ ಒಂದು ಆಧಾರ ಹುಡುಕಿದೆ. ಗೋಧ್ರಾ ಲೈನಿನಿಂದ ಬಂದಾಗಲೆಲ್ಲ ನಿಮ್ಮ ಎಡ ಭುಜ ಕಂದಿರುತ್ತಿತ್ತು. ಗಾಡಿ ಜಗ್ಗಿದಾಗ ಬಾಗಿಲಿನ ಚೌಕಟ್ಟು ಬಡಿಯಿತು ಅನ್ನುತ್ತಿದ್ದಿರಿ, ನಾನು ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ. ಹಾಗಾದರೆ ಬಾಗಿಲು ಎಡಕ್ಕೇ ಅಲ್ಲವೇ ಅಂತ ಸಮಾಧಾನ ಮಾಡಿಕೊಂಡೆ. ಸಮಾಧಾನ ಕಾಫಿ ಆರುವಷ್ಟು ಹೊತ್ತು ಉಳಿಯಲಿಲ್ಲ. ಒಳಗೆ ಹೋಗುವಾಗ ಎಡ ಬಡಿದರೆ ಒಂದು, ಹೊರಗೆ ಬರುವಾಗ ಬಡಿದರೆ ಇನ್ನೊಂದು. ನಾನು ಆಗ ಕೇಳಲಿಲ್ಲ. ಎಣ್ಣೆ ತಿಕ್ಕುವಾಗ ಯಾರು ಇದನ್ನೆಲ್ಲ ಕೇಳುತ್ತಾರೆ?

ನನ್ನ ಚಿಂತೆ ಬೇರೆಯೇ. ಹೃಷಿಕೇಶ ನಕ್ಷೆ ತಂದದ್ದು ದೀಪಾವಳಿಯ ಹೊತ್ತಿಗೆ. ನೀವು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ಸರಿ ಮಾಡಿ "ಚೆನ್ನಾಗಿದೆ ಕಣಪ್ಪ" ಅಂದಿರಿ. ಆ ದಿನಗಳಲ್ಲಿ ಲೋಟದ ಪಕ್ಕಕ್ಕೆ ಕಾಫಿ ಸುರಿಯುತ್ತಿದ್ದಿರಿ. ವಯಸ್ಸಾಯಿತು ಅಂದುಕೊಂಡೆ. ಸಂಕ್ರಾಂತಿಯ ದಿನ ತಾರಸಿಯ ಮೇಲೆ ಆಕಾಶ ಕಾಣದಷ್ಟು ಪಟ ಹಾರುತ್ತಿದ್ದರೆ ನೀವು, "ಈ ವರ್ಷ ಪಟ ಕಡಿಮೆ ಅಲ್ಲವೇನೇ?" ಅಂದಿರಿ. ಆಗ ಇದು ಕಣ್ಣಿನದೇ ತೊಂದರೆ ಅಂತ ನನಗೆ ಹೊಳೆಯಿತು. ರೀ, ನಿಜ ಹೇಳಿ. ಆ ನಕ್ಷೆಯಲ್ಲಿ ನಿಮಗೆ ಬಾಗಿಲು ಕಂಡಿತ್ತೇ? ಅಥವಾ ಹುಡುಗ ಸೂರತ್ತಿನಿಂದ ಅಷ್ಟು ದೂರ ಬಂದಿದ್ದಾನೆ, ಕಾಣುವುದಿಲ್ಲ ಅಂತ ಹೇಗೆ ಹೇಳಲಿ ಅಂತ ಒಪ್ಪಿದಿರೇ? ಒಪ್ಪಿದ್ದರೂ ನಾನು ಬೈಯುವುದಿಲ್ಲ. ವಿಂಧ್ಯಾ, ಇದನ್ನು ಮೆತ್ತಗೆ ಓದು, ಮಹೇಶ ಮನೆಯಲ್ಲಿದ್ದರೆ ಬಿಟ್ಟು ಆಮೇಲೆ ಓದು.

ಸಾವಿತ್ರಿ ನಾಳೆ ಬೆಳಗಿನ ಗಾಡಿಗೆ ಅಹಮದಾಬಾದಿಗೆ ಬರುತ್ತಾಳೆ, ಅವಳ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಚಟ್ನಿಪುಡಿ ಇಟ್ಟಿದ್ದೇನೆ, ಖಾರ ಕಡಿಮೆ ಹಾಕಿದ್ದೇನೆ, ಸೀನು ಬರಬಾರದಲ್ಲ. ಡ್ರಾಪ್ಸ್ ಹಾಕುವ ಮೊದಲು ಕೈ ತೊಳೆಯಲು ಮಹೇಶನಿಗೆ ಹೇಳಿ. ಮೂವರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಕಣ್ಣಿಗೆ ಆ ದೇವರು ಮೊದಲಿನ ಬೆಳಕು ಕೊಡಲಿ, ನನ್ನ ಪಾಲಿನದೂ ಸೇರಿಸಿ ಕೊಡಲಿ.

ನಿಮ್ಮ
ಇಂದುಮತಿ

ತಾ. ಕ.: ಸಾವಿತ್ರಿ ಚೀಲ ಕಟ್ಟುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪ್ರಶಾಂತನ ಮಾತಾದ ಮೇಲೆ ಹೃಷಿಕೇಶ ನಿಮಗೊಬ್ಬರಿಗೇ ಬರೆದ, "ಅಂಕಲ್, ಬಾಗಿಲು ಸರಿ ಇದೆ ತಾನೆ? ನೀವು ಹೌದು ಅಂದರೆ ಹದಿನೇಳರ ಸೋಮವಾರ ಅಚ್ಚು ಕೊರೆಸುತ್ತೇನೆ" ಅಂತ. ನಾನು ಹೌದು ಅಂತ ಕಳಿಸಿಬಿಟ್ಟೆ. ಹಿಂದೆ ನೀವು ಮಲಗಿದ್ದಾಗ, ಕೆಲಸಕ್ಕೆ ಕರೆಯಲು ಬರುವ ಕಾಲ್‌ಮ್ಯಾನ್ ಡ್ಯೂಟಿಯ ಪುಸ್ತಕ ಹಿಡಿದು ಬಾಗಿಲು ಬಡಿದರೆ ನಿಮ್ಮನ್ನು ಎಬ್ಬಿಸದೆ ನಾನೇ ಸಹಿ ಹಾಕುತ್ತಿದ್ದೆನಲ್ಲ, ಅದೇ ಕೈ, ಅದೇ ಅಭ್ಯಾಸ. ಆಮೇಲೆ "ತಡಿ" ಅಂತ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಅಳಿಸಿದೆ. ಯಾಕೆ ಅಂತ ಅವನು ಕೇಳಿದರೆ ನಿಮ್ಮ ಕಣ್ಣಿನ ಕಥೆಯನ್ನು ಹೇಗೆ ಹೇಳಲಿ? ಕೊರೆದ ಅಚ್ಚನ್ನು ತಿದ್ದಲಾಗುವುದಿಲ್ಲವಂತೆ. ಅಚ್ಚಿಗೆ ಮುಂಚೆ ಕೈಯಲ್ಲೇ ಕೊರೆದು ಅವನು ಕೊರಿಯರಿನಲ್ಲಿ ಕಳಿಸಿದ ಮಾದರಿ ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ ಇಂಗಿನ ಡಬ್ಬದಲ್ಲಿ ಇಟ್ಟಿದ್ದೇನೆ, ವಾಸನೆ ಬಂದರೆ ಬೈಯಬೇಡಿ. ವಿಂಧ್ಯಾ ಅದನ್ನು ಮಂಚದ ಕೆಳಗಿನಿಂದ ನಿಮ್ಮ ಕೈಗೆ ಕೊಡಲಿ. ನೋಡುವುದು ಬೇಡ. ನೆಲದಿಂದ ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ವರಾಂಡಕ್ಕೆ ಬನ್ನಿ, ಉಗುರಿನಿಂದ ಮೆಲ್ಲಗೆ. ಬಾಗಿಲು ನಿಮ್ಮ ಯಾವ ಕೈಗೆ ಸಿಗುತ್ತದೆ? ನಿಮ್ಮ ಡಬ್ಬಿಯಲ್ಲೂ ಅದೇ ಕೈಗೆ ಸಿಗುತ್ತಿತ್ತೇ? ಅಷ್ಟನ್ನು ಭಾನುವಾರದೊಳಗೆ, ಅವನು ಅಚ್ಚು ಕೊರೆಸುವ ಮೊದಲೇ, ವಿಂಧ್ಯಾಳಿಂದ ಹೇಳಿಸಿ. ಒಂದು ಸಲಕ್ಕೆ ನಂಬಬೇಡಿ, ಇನ್ನೊಂದು ಸಲ ತಡವಿ ನೋಡಿ. ತಲೆ ಎತ್ತದೆ.