ಹ್ಯಾಡಕ್ ಮೀನಿನ ಚರ್ಮ

ಅಪ್ಪಾ,

ನಿನ್ನನ್ನು ಮಣ್ಣು ಮಾಡಿದ ಮೇಲೆ ಮೊದಲ ಸಲ ಇವತ್ತು ಮಧ್ಯಾಹ್ನ ಎನಿಡ್ ಥ್ಯಾಕ್ರೆ ನನ್ನ ರೆಸ್ಟೋರೆಂಟಿಗೆ ಬಂದಿದ್ದರು. ನಲವತ್ತು ವರ್ಷ ಪ್ರತಿ ಶುಕ್ರವಾರ ನಿನ್ನ ಅಂಗಡಿಯ ಕರಿದ ಮೀನು ತಿಂದವರು. ನಾನು ಕಳಿಸಿದ ಹ್ಯಾಡಕ್ಕಿನ ಚರ್ಮವನ್ನು ಬಿಡಿಸಿ ತಟ್ಟೆಯಂಚಿಗೆ ತಳ್ಳಿ, ನನ್ನನ್ನು ಕರೆಸಿದರು.

"ಈ ವಿಟ್ಬಿ ಬಂದರಲ್ಲೇ ಹುಟ್ಟಿ ಹ್ಯಾಡಕ್ಕನ್ನ ಚರ್ಮದ ಸಮೇತ ಬಡಿಸ್ತೀಯಲ್ಲೇ ಹೆಟ್ಟಿ, ಲಂಡನ್ನಲ್ಲಿ ಕಲಿತಿದ್ದು ಇದೇನಾ? ನಿಮ್ಮಪ್ಪ ಇದನ್ನ ಬೆಕ್ಕಿಗೆ ಹಾಕ್ತಿದ್ದ."

ನನಗೆ ಹೆಸರು ತಂದದ್ದೇ ಆ ಗರಿಗರಿ ಚರ್ಮ. ಪತ್ರಿಕೆಯವರು ಅದನ್ನೇ ಹೊಗಳಿ ಬರೆದಿದ್ದರು. ಆದರೂ ನಾಳೆಯಿಂದ ಚರ್ಮ ಸುಲಿದು, ನಿನ್ನ ಹಾಗೆ ದನದ ಕೊಬ್ಬಿನಲ್ಲೇ ಕರಿಯುವುದು ಎಂದು ಅಡುಗೆಮನೆಯಲ್ಲಿ ಹೇಳಿಬಿಟ್ಟೆ.

"ಪತ್ರಿಕೆಯವ್ರು ಬಂದ್ರೆ ಏನ್ ಹೇಳ್ಲಿ?" ಎಂದ ನನ್ನ ಜೊತೆಯ ಬಾಣಸಿಗ ಕ್ಲೈವ್.

"ಕೂತ್ಕೊಂಡು ತಿನ್ನೋಕೆ ಹೇಳು."

ನೀನು ನನ್ನ ರೆಸ್ಟೋರೆಂಟಿನಲ್ಲಿ ಉಂಡದ್ದು ಒಂದೇ ಸಲ, ಬಾಗಿಲು ತೆರೆದ ಮೊದಲ ದಿನ. ನಿನ್ನ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು ಬಂದಿದ್ದೆ. ದೊಡ್ಡ ಮನುಷ್ಯರ ಮೇಜುಗಳ ನಡುವೆ ಓಡಾಡುತ್ತಿದ್ದ ನಾನು ನಿನ್ನ ಮೇಜಿಗೆ ಬರಲಿಲ್ಲ. ಒಳಗೆ ವಾಪಸು ಬಂದ ನಿನ್ನ ತಟ್ಟೆಯನ್ನಷ್ಟೇ ನೋಡಿದೆ. ಅದರಲ್ಲಿ ಚರ್ಮದ ಒಂದು ಚೂರೂ ಉಳಿದಿರಲಿಲ್ಲ.